ನ್ಯಾನೊ ಪಿಎಚ್.ಡಿ.: ಗ್ರಾಂನಿಂದ ಕಿಲೊಗೆ ದಾಟುವ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ನ್ಯಾನೊ ತಂತ್ರಜ್ಞಾನದಲ್ಲಿ ನಾಳಿನ ನಾಯಕರನ್ನು ತಯಾರು ಮಾಡುತ್ತೇವೆ ಎಂಬ ಮಾತು ಬೆಂಗಳೂರಿನ ಸಮಾವೇಶಗಳಲ್ಲೂ ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆಗಳಲ್ಲೂ ಆಗಾಗ ಕೇಳಿಬರುತ್ತದೆ. ಕೇಂದ್ರ ಸರ್ಕಾರ 2007ರಲ್ಲಿ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿದ ಮೇಲೆ ಹಣ ಬಂತು, ಉಪಕರಣ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆಲ್ಲ ನಮ್ಮಲ್ಲೇ ಇವೆ. ನಮ್ಮ ತಕರಾರು ಇರುವುದು ಪಿಎಚ್.ಡಿ. ಎಲ್ಲಿಗೆ ಮುಗಿಯುತ್ತದೆ ಎಂಬುದರ ಬಗ್ಗೆ. ಅರ್ಧ ಗ್ರಾಂ ಪುಡಿ, ನಾಲ್ಕು ಚಿತ್ರ, ಎರಡು ಲೇಖನ ಆದರೆ ಪ್ರಬಂಧ ಸಿದ್ಧ. ಆ ಪುಡಿಯನ್ನು ಇನ್ನೊಬ್ಬರು ಮಾಡಬಲ್ಲರೇ, ಒಂದು ಕಿಲೊ ಮಾಡಿದರೆ ಅದೇ ಗುಣ ಉಳಿಯುತ್ತದೆಯೇ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುವವರು ಅಪರೂಪ.

ಒಂದೇ ಉದಾಹರಣೆ ಹಿಡಿದು ಹೇಳುತ್ತೇವೆ. ನಮ್ಮ ರಾಜ್ಯದ ಎಷ್ಟೋ ಕಾಲೇಜು ಪ್ರಯೋಗಾಲಯಗಳು ನ್ಯಾನೊ ಆಕ್ಸೈಡುಗಳನ್ನು ಸಲ್ಯೂಷನ್ ಕಂಬಶ್ಚನ್ ಎಂಬ, ದ್ರಾವಣವನ್ನೇ ಹೊತ್ತಿಸಿ ಪುಡಿ ಪಡೆಯುವ ವಿಧಾನದಲ್ಲಿ ಮಾಡುತ್ತವೆ. ಇದು ಬೆಂಗಳೂರಿನದೇ ಕೊಡುಗೆ. ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ 1988ರಲ್ಲಿ ಇದನ್ನು ಪ್ರಕಟಿಸಿದರು. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, ಇಂಧನವಾಗಿ 8 ಗ್ರಾಂ ಯೂರಿಯಾ, ಕರಗಲು ಬೇಕಾದಷ್ಟು ನೀರು. ಅಗಲವಾದ ಶಾಖನಿರೋಧಕ ಗಾಜಿನ ಪಾತ್ರೆಯಲ್ಲಿ ಹಾಕಿ 500 ಡಿಗ್ರಿಗೆ ಕಾಯಿಸಿಟ್ಟ ಮಫಲ್ ಕುಲುಮೆಯೊಳಗೆ ಇಟ್ಟರೆ ದ್ರಾವಣ ಕುದಿದು, ನೊರೆಯೆದ್ದು, ಭಗ್ಗನೆ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಬಿಳಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಉಬ್ಬಿ ನಿಲ್ಲುತ್ತದೆ. ಕುಲುಮೆ 500 ಡಿಗ್ರಿಯಲ್ಲಿದ್ದರೂ ಜ್ವಾಲೆ ಸಾವಿರ ಡಿಗ್ರಿ ದಾಟುತ್ತದೆ. ಅಳತೆಯ ಲೆಕ್ಕವೂ ಸರಳ: ನೈಟ್ರೇಟಿನ ಆಕ್ಸಿಡೀಕರಣ ಬಲ 15, ಯೂರಿಯಾದ ಅಪಕರ್ಷಣ ಬಲ 6, ಎರಡೂ ಸರಿದೂಗಬೇಕು, ಹಾಗಾಗಿ ಒಂದು ಮೋಲ್ ನೈಟ್ರೇಟಿಗೆ ಎರಡೂವರೆ ಮೋಲ್ ಯೂರಿಯಾ. ಅಗ್ಗ, ಬೇಗ, ದೊಡ್ಡ ಉಪಕರಣ ಬೇಡ. ಬಡ ಪ್ರಯೋಗಾಲಯಕ್ಕೆ ಇದು ಹೇಳಿ ಮಾಡಿಸಿದ ವಿಧಾನ ಎಂಬುದರಲ್ಲಿ ಅನುಮಾನವಿಲ್ಲ.

ಇದೇ ಅಲ್ಯೂಮಿನಾವನ್ನು ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ತೆಗೆಯಲು ಬಳಸುತ್ತೇವೆ ಎಂದು ಸಂಶೋಧನಾರ್ಥಿಯೊಬ್ಬರು ಹೊರಟರು ಎನ್ನಿ. ಮೊದಲ ಎಡವು ಇಲ್ಲೇ. ಯೂರಿಯಾ ಸರಿಯಳತೆಯಲ್ಲಿ ಹಾಕಿ ಬಿಸಿ ಜ್ವಾಲೆಯಲ್ಲಿ ಸುಟ್ಟರೆ ಸಿಗುವುದು ಆಲ್ಫಾ ಎಂಬ ಹರಳು ಜಾತಿಯ ಅಲ್ಯೂಮಿನಾ. ಗಟ್ಟಿ, ಸ್ಥಿರ, ಆದರೆ ಮೇಲ್ಮೈ ವಿಸ್ತೀರ್ಣ ಕಡಿಮೆ. ಫ್ಲೋರೈಡ್ ಹಿಡಿಯಲು ಬೇಕಾದದ್ದು ಗ್ಯಾಮಾ ಜಾತಿಯದು, ಗ್ರಾಂಗೆ 200 ಚದರ ಮೀಟರ್ ಆಸುಪಾಸಿನ ಮೇಲ್ಮೈ ಇರುವಂಥದ್ದು. ಅದಕ್ಕೆ ಇಂಧನ ಕಡಿಮೆ ಮಾಡಿ ಅಥವಾ ಇಂಧನವನ್ನೇ ಬದಲಿಸಿ ಜ್ವಾಲೆಯನ್ನು ತಣ್ಣಗಾಗಿಸಬೇಕು. ತೀರಾ ತಣ್ಣಗಾದರೆ ನೈಟ್ರೇಟ್ ಉಳಿದುಕೊಂಡು ಕುಡಿಯುವ ನೀರಿಗೇ ಸೇರುತ್ತದೆ. ಇಂಧನ ಹೆಚ್ಚಾದರೆ ಇಂಗಾಲದ ಕರಿ. ಈ ನಡುವಿನ ಜಾಗ ಹುಡುಕುವುದೇ ಸಂಶೋಧನೆ.

ಎರಡನೆಯ ಎಡವು ಅಳತೆಯಲ್ಲಿ, ಮತ್ತು ಇದು ಹೆಚ್ಚು ಅಪಾಯಕಾರಿ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಬಿಡಿ ಫ್ಲೋರೈಡ್ ಅಯಾನನ್ನು ಮಾತ್ರ ಕಾಣುತ್ತದೆ. ಪುಡಿಯಿಂದ ಸ್ವಲ್ಪ ಅಲ್ಯೂಮಿನಿಯಂ ನೀರಿಗೆ ಕರಗಿದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಫ್ಲೋರೈಡ್ ನೀರಿನಲ್ಲೇ ಇದ್ದರೂ ಮೀಟರ್ ಕಡಿಮೆ ತೋರಿಸುತ್ತದೆ. ಅದಕ್ಕೇ ಅಲ್ಯೂಮಿನಿಯಂ ಅನ್ನು ತಾನು ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುವ ಸಿಡಿಟಿಎ ಎಂಬ ರಾಸಾಯನಿಕ ಇರುವ ಟಿಸಾಬ್ ಬಫರ್ ದ್ರಾವಣವನ್ನು ಮಾದರಿಗೆ ಸಮ ಪ್ರಮಾಣದಲ್ಲಿ ಬೆರೆಸಿ, ಕಟ್ಟು ಬಿಡಿಸಿ, ಆಮೇಲೆ ಓದಬೇಕು. ಬಫರ್ ಹಾಕದೆ, ಅಥವಾ ಹಾಕಿ ಕಾಯದೆ ಓದಿದ ಅಂಕಿಯಲ್ಲಿ ನೂರಕ್ಕೆ 98ರಷ್ಟು ಫ್ಲೋರೈಡ್ ಹೋಯಿತು ಎಂಬ ಲೇಖನ ಹುಟ್ಟಬಹುದು. ಅದೇ ನೀರಿನಲ್ಲಿ ಅಲ್ಯೂಮಿನಿಯಂ ಎಷ್ಟಿದೆ ಎಂದು ನೋಡಿದವರಿಗೆ ತಪ್ಪು ಆ ಹೊತ್ತಿಗೇ ಗೊತ್ತಾಗುತ್ತದೆ. ಹೇಗೂ ಅದನ್ನು ನೋಡಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಲ್ಯೂಮಿನಿಯಂಗೂ ಮಿತಿಯಿದೆ: ಲೀಟರಿಗೆ 0.03 ಮಿಲಿಗ್ರಾಂ, ಬೇರೆ ಮೂಲ ಇಲ್ಲದ ಕಡೆ 0.2.

ಮೂರನೆಯದು ನೀರು. ಪ್ರಯೋಗಾಲಯದಲ್ಲಿ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಪರೀಕ್ಷೆ. ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳ, ಜೊತೆಗೆ ಸಿಲಿಕೇಟ್, ಕೆಲವೆಡೆ ಫಾಸ್ಫೇಟ್. ಪಿಎಚ್ ಏಳೂವರೆಯ ಮೇಲೆ. ಅಲ್ಯೂಮಿನಾ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ ಐದೂವರೆ, ಆರರ ಸುಮಾರಿಗೆ. ಲೇಖನಗಳಲ್ಲಿ ಬರುವ ಗರಿಷ್ಠ ಸಾಮರ್ಥ್ಯದ ಅಂಕಿಯನ್ನು ಲೀಟರಿಗೆ ನೂರಾರು ಮಿಲಿಗ್ರಾಂ ಫ್ಲೋರೈಡ್ ಹಾಕಿದ ದ್ರಾವಣದಿಂದ ತೆಗೆದಿರುತ್ತಾರೆ. ಅಂಥ ನೀರು ಕುಡಿಯುವ ಊರು ಎಲ್ಲೂ ಇಲ್ಲ. ಲೆಕ್ಕ ಹಾಕೋಣ: ಮನೆಯೊಂದಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 10 ಲೀಟರ್. ಫ್ಲೋರೈಡನ್ನು ಲೀಟರಿಗೆ 4 ಮಿಲಿಗ್ರಾಂನಿಂದ 1ಕ್ಕೆ ಇಳಿಸಬೇಕು. ಅಂದರೆ ದಿನಕ್ಕೆ 30 ಮಿಲಿಗ್ರಾಂ ತೆಗೆಯಬೇಕು. ಲೇಖನದ ಅಂಕಿ ಗ್ರಾಂಗೆ 100 ಮಿಲಿಗ್ರಾಂ ಆಗಿದ್ದರೆ ತಿಂಗಳಿಗೆ 9 ಗ್ರಾಂ ಪುಡಿ ಸಾಕು. ನಿಜವಾದ ಬಾವಿ ನೀರಿನಲ್ಲಿ ಅದು ಗ್ರಾಂಗೆ 2 ಮಿಲಿಗ್ರಾಂಗೆ ಇಳಿದರೆ ತಿಂಗಳಿಗೆ 450 ಗ್ರಾಂ. ಒಂದು ಗ್ರಾಮ ಪಂಚಾಯಿತಿಯ ಮಟ್ಟಿಗೆ ಈ ವ್ಯತ್ಯಾಸವೇ ಯೋಜನೆಯನ್ನು ಉಳಿಸುತ್ತದೆ ಇಲ್ಲವೇ ಮುಳುಗಿಸುತ್ತದೆ.

ನೀರು ಹಾಯಿಸುವ ಕಾಲಂ (ಪುಡಿ ತುಂಬಿದ ಕೊಳವೆ) ಕಟ್ಟುವುದು ಇನ್ನೊಂದು ಪಾಠ. ನ್ಯಾನೊ ಪುಡಿಯನ್ನು ಹಾಗೇ ಕೊಳವೆಗೆ ತುಂಬಿದರೆ ನೀರು ಇಳಿಯುವುದೇ ಇಲ್ಲ, ಇಳಿದರೂ ಪುಡಿ ಜೊತೆಗೇ ಬರುತ್ತದೆ. ಬೈಂಡರ್ ಎಂಬ ಅಂಟು ಸೇರಿಸಿ ಅರ್ಧ, ಒಂದು ಮಿಲಿಮೀಟರ್ ಕಾಳು ಮಾಡಬೇಕು. ಕಾಳು ಮಾಡಿದೊಡನೆ ಒಳಗಿನ ಮೇಲ್ಮೈಯ ಒಂದು ಪಾಲು ಮುಚ್ಚಿಹೋಗುತ್ತದೆ, ಸಾಮರ್ಥ್ಯ ಇಳಿಯುತ್ತದೆ. ತುಂಬಿದ ಕಾಳನ್ನು ಕ್ಷಾರದಿಂದ ತೊಳೆದು, ಆಮ್ಲದಿಂದ ಸರಿಪಡಿಸಿ ಮತ್ತೆ ಬಳಸಬಹುದು. ಆ ತೊಳೆದ ನೀರಿನಲ್ಲಿ ಊರಿನ ಫ್ಲೋರೈಡೆಲ್ಲ ಗಟ್ಟಿಯಾಗಿ ಕೂತಿರುತ್ತದಲ್ಲ, ಅದನ್ನು ಎಲ್ಲಿ ಚೆಲ್ಲುವುದು? ಈ ಪ್ರಶ್ನೆಗೆ ಉತ್ತರವಿಲ್ಲದ ಪ್ರಬಂಧವನ್ನು ನಾವು ತಂತ್ರಜ್ಞಾನ ಎನ್ನುವುದಿಲ್ಲ.

ಇನ್ನು ಪ್ರಮಾಣ ಹೆಚ್ಚಿಸುವ ಕೆಲಸ. ನಾಲ್ಕು ಜನರ ಸಾರನ್ನು ನಾನೂರು ಜನರಿಗೆ ಮಾಡುವಾಗ ಉಪ್ಪು, ಹುಳಿ, ಉರಿ ಎಲ್ಲವನ್ನೂ ನೂರರಿಂದ ಗುಣಿಸುವ ಅಡುಗೆಭಟ್ಟರಿಲ್ಲ. 20 ಗ್ರಾಂ ನೈಟ್ರೇಟಿನಿಂದ ಸಿಗುವುದು ಸುಮಾರು 2.7 ಗ್ರಾಂ ಅಲ್ಯೂಮಿನಾ. ಉಳಿದದ್ದೆಲ್ಲ ಅನಿಲ ಮತ್ತು ಆವಿ. ಅದೇ 2 ಕಿಲೊ ನೈಟ್ರೇಟ್, 800 ಗ್ರಾಂ ಯೂರಿಯಾಕ್ಕೆ ಹೋದರೆ 270 ಗ್ರಾಂ ಪುಡಿಗೆ ಎರಡೂವರೆ ಕಿಲೊ ಅನಿಲ ಮತ್ತು ಆವಿ ಕೆಲವೇ ನಿಮಿಷದಲ್ಲಿ ಹೊರಬರುತ್ತದೆ. ಸಮೀಕರಣದಲ್ಲಿ ಬರೀ ನೈಟ್ರೋಜನ್, ಇಂಗಾಲದ ಡೈಆಕ್ಸೈಡ್, ನೀರು ಇದ್ದರೂ ನಿಜವಾದ ಪಾತ್ರೆಯಿಂದ ಕಂದು ಬಣ್ಣದ ನೈಟ್ರೋಜನ್ ಆಕ್ಸೈಡುಗಳೂ ಏಳುತ್ತವೆ. ದೊಡ್ಡ ರಾಶಿಯಲ್ಲಿ ಶಾಖ ಹೊರಹೋಗಲು ಹೆಚ್ಚು ಹೊತ್ತು ಬೇಕು. ನಡುವಿನ ಪುಡಿ ಬೆಂದು ಕಣಗಳು ಒಂದಕ್ಕೊಂದು ಅಂಟುತ್ತವೆ, ಅಂಚಿನದು ಅರೆಬೆಂದಿರುತ್ತದೆ. ಗ್ಯಾಮಾ ಬೇಕೆಂದು ಹೊರಟವರಿಗೆ ನಡುವಿನಲ್ಲಿ ಮತ್ತೆ ಆಲ್ಫಾ. ಕುಲುಮೆಯ ಫಲಕ ತೋರಿಸುವ ಉಷ್ಣತೆ ಥರ್ಮೋಕಪಲ್ ಇರುವ ಜಾಗದ್ದು, ಪಾತ್ರೆಯದ್ದಲ್ಲ ಎಂಬುದನ್ನೂ ಎಷ್ಟೋ ಜನ ಕಲಿಯುವುದು ಪ್ರಬಂಧ ಬರೆಯುವ ಹೊತ್ತಿಗೆ.

ಹವೆಯೂ ಆಟವಾಡುತ್ತದೆ. ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಎಂಬ ದ್ರವ ಬಳಸಿ ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಮಾಡುವವರು ಕೇಳಿ: ಏಪ್ರಿಲ್‌ನ ಕಲಬುರಗಿಯಲ್ಲಿ ಸರಿಬಂದ ವಿಧಾನ ಜೂನ್‌ನ ಮಂಗಳೂರಿನಲ್ಲಿ ಬಾಟಲಿ ತೆರೆಯುತ್ತಿದ್ದಂತೆ ಬಿಳಿ ಗಸಿಯಾಗಬಹುದು, ಏಕೆಂದರೆ ಆ ದ್ರವ ಗಾಳಿಯ ತೇವಕ್ಕೇ ಒಡೆಯುತ್ತದೆ. ನೋಟ್‌ಬುಕ್ಕಿನಲ್ಲಿ ಆ ದಿನದ ತೇವಾಂಶ, ರಾಸಾಯನಿಕ ಬಾಟಲಿಯ ಲಾಟ್ ಸಂಖ್ಯೆ, ತೆರೆದ ದಿನಾಂಕ ಇಲ್ಲದಿದ್ದರೆ ಏನು ಬದಲಾಯಿತು ಎಂದು ಹುಡುಕಲು ದಾರಿಯೇ ಇರುವುದಿಲ್ಲ.

ಹಾಗಾದರೆ ತರಬೇತಿ ಹೇಗಿರಬೇಕು? ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಇದೆ. ನಮ್ಮಲ್ಲಿ ಅದು ಬಹುಪಾಲು ಕೋಣೆಯೊಳಗಿನ ಪಾಠ ಮತ್ತು ಒಂದು ಪರೀಕ್ಷೆ. ಬ್ರಿಟನ್ನಿನ ಕೇಂಬ್ರಿಜ್‌ನಂಥ ಕಡೆ ನ್ಯಾನೊ ಪಿಎಚ್.ಡಿ. ಕೇಂದ್ರಗಳು ನಾಲ್ಕು ವರ್ಷದ ಮಾದರಿ ಇಟ್ಟುಕೊಂಡಿವೆ: ಮೊದಲ ವರ್ಷ ತಂಡವಾಗಿ ಪಾಠ, ಪ್ರಾಯೋಗಿಕ ತರಬೇತಿ, ಬೇರೆಬೇರೆ ವಿಭಾಗಗಳಲ್ಲಿ ಸಣ್ಣ ಯೋಜನೆಗಳು. ವಿಷಯ, ಮಾರ್ಗದರ್ಶಕರು ಆಮೇಲೆ. ಅದನ್ನು ಹಾಗೇ ಎತ್ತಿ ತರಲು ನಮ್ಮ ನೋಂದಣಿ ನಿಯಮ ಬಿಡದು, ಮೊದಲ ದಿನವೇ ಗೈಡ್ ಹೆಸರು ಬೇಕು. ಆದರೆ 12ರಲ್ಲಿ 6 ಕ್ರೆಡಿಟ್ಟನ್ನು ಉಪಕರಣದ ಮುಂದೆ ಕಳೆಯುವಂತೆ ಮಾಡಲು ಯಾವ ನಿಯಮವೂ ಅಡ್ಡಿಯಲ್ಲ. ರಸಾಯನಶಾಸ್ತ್ರದವರು ಎರಡು ತಿಂಗಳು ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ, ಭೌತಶಾಸ್ತ್ರದವರು ಎರಡು ತಿಂಗಳು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡಲಿ.

ಉಪಕರಣದ ಮುಂದೆ ಕಲಿಯಬೇಕಾದದ್ದು ಗುಂಡಿ ಒತ್ತುವುದನ್ನಲ್ಲ, ಅಂಕಿ ಎಲ್ಲಿ ಸುಳ್ಳು ಹೇಳುತ್ತದೆ ಎಂಬುದನ್ನು. ಎಕ್ಸ್-ರೇ ಡಿಫ್ರಾಕ್ಷನ್ ಗ್ರಾಫಿನ ಶಿಖರದ ಅಗಲದಿಂದ ಗಾತ್ರ ಲೆಕ್ಕ ಹಾಕುವ ಶೆರರ್ ಸೂತ್ರ ಕೊಡುವುದು ಹರಳಿನ ಗಾತ್ರ, ಕಣದ ಗಾತ್ರವಲ್ಲ. ಒಂದು ಕಣದಲ್ಲಿ ಹತ್ತಾರು ಹರಳು ಇರಬಹುದು. ಆ ಶಿಖರಕ್ಕೆ ಉಪಕರಣವೇ ಸೇರಿಸುವ ಅಗಲವನ್ನು ಮಾನಕ ಮಾದರಿ ಓಡಿಸಿ ಕಳೆಯದಿದ್ದರೆ ಆ ಅಂಕಿಯೂ ತಪ್ಪು. ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ಡಿಎಲ್ಎಸ್ ಉಪಕರಣದಲ್ಲಿ ಸಣ್ಣ ಕಣ ಚದುರಿಸುವ ಬೆಳಕು ವ್ಯಾಸದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 100 ನ್ಯಾನೊಮೀಟರ್ ಕಣವೊಂದು 10 ನ್ಯಾನೊಮೀಟರ್ ಕಣಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಬೆಳಕು ಚದುರಿಸುತ್ತದೆ. ಒಂದಿಷ್ಟು ಧೂಳು ಬಿದ್ದರೆ ಫಲಿತಾಂಶ ಧೂಳಿನದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚೆಂದ ಕಂಡ ಮೂಲೆಯ ಚಿತ್ರ ತೆಗೆದು ಸರಾಸರಿ 12 ನ್ಯಾನೊಮೀಟರ್ ಎಂದು ಬರೆಯುವ ಚಾಳಿ ನಿಲ್ಲಬೇಕು. ಮಾದರಿ ಇಟ್ಟ ಗ್ರಿಡ್ಡಿನ ಬೇರೆಬೇರೆ ಜಾಗದಿಂದ ಕನಿಷ್ಠ 200 ಕಣ ಎಣಿಸಿ ಹರವನ್ನೂ ಕೊಡಲಿ.

ಪ್ರತಿ ಪ್ರಬಂಧದಲ್ಲೂ ಒಂದು ಅಧ್ಯಾಯ ಕಡ್ಡಾಯವಾಗಲಿ ಎಂಬುದು ನಮ್ಮ ಮುಖ್ಯ ಸಲಹೆ. ಒಂದೇ ವಿಧಾನದಲ್ಲಿ ಐದು ಬ್ಯಾಚ್, ಅವುಗಳ ನಡುವಿನ ವ್ಯತ್ಯಾಸ. ಬರೆದಿಟ್ಟ ಕ್ರಮವನ್ನಷ್ಟೇ ಓದಿ ಬೇರೆ ವಿಭಾಗದ ಒಬ್ಬರು ಮಾಡಿದ ಆರನೆಯ ಬ್ಯಾಚ್. ಹತ್ತು ಪಟ್ಟು ದೊಡ್ಡ ಬ್ಯಾಚಿನಲ್ಲಿ ಏನು ಕೆಟ್ಟಿತು, ಏಕೆ. ಕಿಲೊಗೆ ಎಷ್ಟು ಖರ್ಚು, ಎಷ್ಟು ತ್ಯಾಜ್ಯ. ಆರನೆಯ ಬ್ಯಾಚ್ ಹೊಂದದಿದ್ದರೆ ಪದವಿ ನಿಲ್ಲಿಸಬೇಕಿಲ್ಲ, ಹೊಂದಲಿಲ್ಲ ಎಂದು ಅಚ್ಚಾದರೆ ಸಾಕು. ಮುಂದಿನವರ ಎರಡು ವರ್ಷ ಉಳಿಯುತ್ತದೆ. ಇದರಿಂದ ಲೇಖನಗಳ ಸಂಖ್ಯೆ ಇಳಿಯುತ್ತದೆ ಎಂಬ ಆಕ್ಷೇಪ ನಿಜ, ಇಳಿಯಲಿ.

ಸೆಮಿಕಂಡಕ್ಟರ್ ಕಡೆ ಹೋಗುವವರಿಗೆ ಈ ಶಿಸ್ತು ಇನ್ನೂ ಬೇಕು. 2021ರ ಡಿಸೆಂಬರ್‌ನಲ್ಲಿ ಕೇಂದ್ರ 76,000 ಕೋಟಿಯ ಯೋಜನೆ ಘೋಷಿಸಿದ ಮೇಲೆ ಕಾರ್ಖಾನೆಗಳ ಮಾತು ನಡೆದಿದೆ. ಚಿಪ್ ತಯಾರಿಕೆಯಲ್ಲಿ 500 ಹಂತಗಳಿದ್ದು, ಪ್ರತಿ ಹಂತವೂ ನೂರಕ್ಕೆ 99.9ರಷ್ಟು ಸರಿಯಾದರೂ ಕೊನೆಗೆ ಸರಿಯಿರುವುದು 60ರಷ್ಟು ಮಾತ್ರ. ಹತ್ತು ಸಾಧನ ಮಾಡಿ ಅತ್ಯುತ್ತಮವಾದ ಒಂದರ ಗ್ರಾಫ್ ಹಾಕಿ ಬೆಳೆದವರಿಗೆ ಆ ಲೋಕ ಕಷ್ಟ. ಅಲ್ಲಿನ ಅಪಾಯಗಳೂ ಬೇರೆ. ತೆಳು ಹೈಡ್ರೋಫ್ಲೋರಿಕ್ ಆಮ್ಲ ತಗುಲಿದಾಗ ಕೂಡಲೇ ಉರಿಯುವುದಿಲ್ಲ, ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಲ್ಲದ ಕೋಣೆಯಲ್ಲಿ ಆ ಬಾಟಲಿ ತೆರೆಯಲೇಬಾರದು. ಪಿರಾನ್ಹಾ ದ್ರಾವಣದ (ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಬಾಟಲಿಗೆ ಬಿಗಿ ಮುಚ್ಚಳ ಹಾಕಬಾರದು, ಅಸಿಟೋನ್ ಹತ್ತಿರ ತರಬಾರದು.

ಪೇಟೆಂಟ್ ವಿಷಯದಲ್ಲಿ ಅಜ್ಞಾನ ದುಬಾರಿ. ಲೇಖನ, ಸಮ್ಮೇಳನದ ಪೋಸ್ಟರ್, ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಏರಿಸಿದ ಪ್ರಬಂಧ ಎಲ್ಲವೂ ಬಹಿರಂಗವೇ. ಭಾರತದಲ್ಲಿ ಕೆಲವು ಸಂದರ್ಭಕ್ಕೆ 12 ತಿಂಗಳ ವಿನಾಯಿತಿ ಇದೆ, ಯುರೋಪಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ಅರ್ಜಿ, ಆಮೇಲೆ ಲೇಖನ. ತಾತ್ಕಾಲಿಕ ಅರ್ಜಿ ಹಾಕಿದ 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ಪ್ರಮಾಣ ಹೆಚ್ಚಿಸುವ ಪ್ರಯೋಗಕ್ಕೆ ಆ ವರ್ಷ ಹೇಳಿ ಮಾಡಿಸಿದ್ದು. ಶುಲ್ಕದ ನೆಪ ಈಗ ನಡೆಯದು: 2021ರ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ನೂರಕ್ಕೆ 80ರಷ್ಟು ಕಡಿತವಿದೆ. ಇನ್ನೊಂದು ಸೂಕ್ಷ್ಮವನ್ನು ನ್ಯಾನೊದವರು ಬಾಯಿಪಾಠ ಮಾಡಬೇಕು. ಪೇಟೆಂಟ್ ಕಾಯ್ದೆಯ 3(ಡಿ) ವಿವರಣೆಯಲ್ಲಿ ಕಣದ ಗಾತ್ರ ಎಂದು ಹೆಸರಿಟ್ಟೇ ಹೇಳಿದೆ. ಗೊತ್ತಿರುವ ವಸ್ತುವನ್ನು ಚಿಕ್ಕದು ಮಾಡಿದ್ದೇವೆ ಎಂದರೆ ಸಾಲದು, ಪರಿಣಾಮದಲ್ಲಿ ಗಣನೀಯ ವ್ಯತ್ಯಾಸ ಎಂದು ತೋರಿಸುವ ದತ್ತಾಂಶ ಬೇಕು. ಅದಕ್ಕೆ ಅದೇ ವಸ್ತುವಿನ ಸಾಮಾನ್ಯ ಪುಡಿಯನ್ನು ಪಕ್ಕದಲ್ಲಿಟ್ಟು ಅದೇ ದಿನ, ಅದೇ ನೀರಿನಲ್ಲಿ ಪರೀಕ್ಷಿಸಿರಬೇಕು. ಎಷ್ಟೋ ಪ್ರಬಂಧಗಳಲ್ಲಿ ಈ ಹೋಲಿಕೆಯೇ ಇಲ್ಲ.

ನ್ಯಾನೊ ಯೂರಿಯಾ ಬಗ್ಗೆ ರೈತರು ಕೇಳುವ ಪ್ರಶ್ನೆಗೂ ಇದೇ ಅಭ್ಯಾಸ ಬೇಕು. ಮೊದಲು ಬಂದ, ನೂರಕ್ಕೆ 4ರಷ್ಟು ಸಾರಜನಕದ ಅರ್ಧ ಲೀಟರ್ ಬಾಟಲಿಯಲ್ಲಿ ಇದ್ದದ್ದು 20 ಗ್ರಾಂ ಸಾರಜನಕ. ಸಾಮಾನ್ಯ ಯೂರಿಯಾದ 45 ಕಿಲೊ ಚೀಲದಲ್ಲಿ 20 ಕಿಲೊಗೂ ಹೆಚ್ಚು. ಎಲೆಯ ಮೇಲೆ ಸಿಂಪಡಿಸಿದ್ದು ಚೀಲಕ್ಕೆ ಎಷ್ಟರ ಮಟ್ಟಿಗೆ ಬದಲಿ ಎಂಬುದನ್ನು ತೀರ್ಮಾನಿಸಬೇಕಾದ್ದು, ಬರೀ ನೀರು ಸಿಂಪಡಿಸಿದ ಮತ್ತು ಅಷ್ಟೇ ಸಾರಜನಕದ ಸಾಮಾನ್ಯ ಯೂರಿಯಾ ದ್ರಾವಣ ಸಿಂಪಡಿಸಿದ ತಾಕುಗಳನ್ನು ಪಕ್ಕದಲ್ಲಿಟ್ಟ ಹೊಲದ ಪ್ರಯೋಗದಿಂದ. ಅಂಥ ಪ್ರಯೋಗ ಯೋಜಿಸಬಲ್ಲ ಡಾಕ್ಟರೇಟ್ ಪಡೆದವರು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಬೇಕು.

ದಾರಿ ತೋರಿಸಿದವರು ಇದ್ದಾರೆ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡದ ಕೆಲಸ ಕೀಟನಾಶಕ ತೆಗೆಯುವ ನ್ಯಾನೊ ಫಿಲ್ಟರ್ ಆಗಿ 2007ರಲ್ಲಿ ಮಾರುಕಟ್ಟೆಗೆ ಬಂತು, ಮುಂದೆ ಆರ್ಸೆನಿಕ್ ತೆಗೆಯುವ ಘಟಕಗಳಾಗಿ ಹಳ್ಳಿಗಳಿಗೂ ಹೋಯಿತು. ಆರ್ಸೆನಿಕ್ ಕಾಟವಿರುವ ಯಾದಗಿರಿ, ರಾಯಚೂರು ಭಾಗದ ಸಂಶೋಧನಾರ್ಥಿಗಳು ಆ ಲೇಖನಗಳಿಗಿಂತ ಆ ಘಟಕಗಳ ನಿರ್ವಹಣೆಯನ್ನು ಹೋಗಿ ನೋಡಿದರೆ ಹೆಚ್ಚು ಕಲಿಯುತ್ತಾರೆ. ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಿಂದಲೂ ವೈದ್ಯಕೀಯ ಪರೀಕ್ಷಾ ಸಾಧನ ಮಾಡುವ ಪಾಥ್‌ಶೋಧ್‌ನಂಥ ಕಂಪನಿಗಳು ಹೊರಬಂದಿವೆ.

ಜಿಲ್ಲಾ ಕೇಂದ್ರಗಳಲ್ಲಿ ಕೂತವರಿಗೂ ಬಾಗಿಲು ಮುಚ್ಚಿಲ್ಲ. ವಿಜ್ಞಾನ ಸಂಸ್ಥೆ ಸೇರಿ ಕೆಲವು ಸಂಸ್ಥೆಗಳಲ್ಲಿ ನಡೆಯುವ ಐಎನ್‌ಯುಪಿ (ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ) ಕಾರ್ಯಕ್ರಮದಡಿ ಹೊರಗಿನ ವಿಶ್ವವಿದ್ಯಾಲಯದವರು ಪರಿಚಯ ಕಾರ್ಯಾಗಾರ, ಕೈಯಾರೆ ತರಬೇತಿ, ನಂತರ ಸ್ವಂತ ಯೋಜನೆಗೆ ಅರ್ಜಿ ಹಾಕಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಉದ್ಘಾಟನೆಯಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಉಪಕರಣ ಎಲ್ಲಿದೆ ಎಂದು ನೋಡಿ ಸಮಯ ಕಾಯ್ದಿರಿಸಬಹುದು. ಮಾದರಿಯನ್ನು ಕೊರಿಯರ್‌ನಲ್ಲಿ ಕಳಿಸಿ ಚಿತ್ರವನ್ನು ಮೇಲ್‌ನಲ್ಲಿ ಪಡೆಯುವ ಬದಲು, ಒಮ್ಮೆಯಾದರೂ ಹೋಗಿ ಪಕ್ಕದಲ್ಲಿ ಕೂರಲು ಪ್ರಯಾಣ ಭತ್ಯೆಯನ್ನು ವಿಶ್ವವಿದ್ಯಾಲಯ ಕೊಡಲಿ. 2023ರ ಜನವರಿಯಿಂದ ಕಿರಿಯ ಸಂಶೋಧನಾ ವೇತನ (ಜೆಆರ್‌ಎಫ್) ಮಾಸಿಕ 37,000 ರೂಪಾಯಿ, ಹಿರಿಯ ವೇತನ (ಎಸ್‌ಆರ್‌ಎಫ್) 42,000. ಅದು ಸಿಗುವವರು ಹೇಗೋ ನಿಭಾಯಿಸುತ್ತಾರೆ, ಸಿಗದವರೇ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು.

ಕೊನೆಯದಾಗಿ ಉಪಕರಣ ನಡೆಸುವ ತಂತ್ರಜ್ಞರ ಮಾತು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಿಲ್ಲುವುದು ಸಾಮಾನ್ಯವಾಗಿ ದೊಡ್ಡ ಕಾರಣಕ್ಕಲ್ಲ: ಚಿಲ್ಲರ್ ಕೆಟ್ಟಿರುತ್ತದೆ, ಯುಪಿಎಸ್ ಬ್ಯಾಟರಿ ಹಳತಾಗಿರುತ್ತದೆ, ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಣವಾಗಿರುವುದಿಲ್ಲ, ನಡೆಸುವವರು ಗುತ್ತಿಗೆ ಮುಗಿದು ಹೋಗಿರುತ್ತಾರೆ. ಸಂಶೋಧನಾರ್ಥಿ ಆರು ತಿಂಗಳು ಕಾಯುತ್ತಾರೆ, ಆಮೇಲೆ ಹಣ ಕೊಟ್ಟು ಹೊರಗೆ ಮಾಡಿಸುತ್ತಾರೆ. ಉಪಕರಣ ಖರೀದಿಯ ಮಂಜೂರಾತಿಯಲ್ಲೇ ಐದು ವರ್ಷದ ನಿರ್ವಹಣೆ, ಒಬ್ಬ ಖಾಯಂ ತಂತ್ರಜ್ಞರ ಸಂಬಳ, ವರ್ಷಕ್ಕೆ ಇಷ್ಟು ಸಂಶೋಧನಾರ್ಥಿಗಳಿಗೆ ಸ್ವತಂತ್ರವಾಗಿ ನಡೆಸುವ ಪರವಾನಗಿ ಕೊಡಬೇಕೆಂಬ ಷರತ್ತು ಸೇರಿರಲಿ. ಇದಕ್ಕೆ ಹೊಸ ಕಾನೂನು ಬೇಡ. ಉನ್ನತ ಶಿಕ್ಷಣ ಇಲಾಖೆ ಮುಂದಿನ ಟೆಂಡರ್ ಹೊರಡಿಸುವ ಮೊದಲೇ ಒಂದು ಸುತ್ತೋಲೆಯಲ್ಲಿ ಇದನ್ನು ಮಾಡಬಹುದು.

ಇತಿ,
ನ್ಯಾನೊ ಪ್ರಯೋಗಾಲಯಗಳ ಕೆಲವು ಸಂಶೋಧನಾ ಮಾರ್ಗದರ್ಶಕರು,
ಬೆಂಗಳೂರು ಮತ್ತು ಧಾರವಾಡ